ವೀಣೆಗೆ ರಬ್ಬರ್ ಪ್ಯಾಕಿಂಗ್

ನೀವು ಎಂದಾದರೂ ಬೆಳ್ಳಾರೆಗೆ ಬಂದರೆ ಪೇಟೆಯ ತುದಿಯಲ್ಲಿ ನನ್ನ ಪಂಪು ರಿಪೇರಿ ಅಂಗಡಿ ಕಾಣುತ್ತದೆ. ಬೋರ್ಡಿನಲ್ಲಿ ಅಂಗಡಿಯ ಹೆಸರು ಸಣ್ಣ ಅಕ್ಷರದಲ್ಲಿದೆ. ಅದರ ಕೆಳಗೆ ಕೆಂಪು ಬಣ್ಣದಲ್ಲಿ, ಕಣ್ಣಿನ ಪೊರೆ ಬಂದವರಿಗೂ ಓದಲು ಆಗುವಷ್ಟು ದೊಡ್ಡದಾಗಿ, ‘ಬಿಚ್ಚಿದ ಪಂಪು ಮುಟ್ಟುವುದಿಲ್ಲ’ ಎಂದು ಬರೆದಿದೆ. ಬರೆಸಿದವನು ನಾನು, ಮಹೇಶ್ವರ. ಬರೆಸುವ ಹಾಗೆ ಮಾಡಿದ್ದು ಈ ಸೀಮೆಯ ಮಹಾಜನತೆ.

ನಮ್ಮ ಕಡೆ ಪಂಪು ಕೆಟ್ಟರೆ ಯಾರೂ ನೇರವಾಗಿ ಮೆಕ್ಯಾನಿಕ್ಕನ ಹತ್ತಿರ ಬರುವುದಿಲ್ಲ. ಮೊದಲು ಮನೆಯ ಯಜಮಾನ ಬಿಚ್ಚುತ್ತಾನೆ. ಅವನು ಸೋತ ಮೇಲೆ ಅವನ ಭಾವ ಬಿಚ್ಚುತ್ತಾನೆ. ಬಳಿಕ ತಿಥಿಯೂಟಕ್ಕೆ ಬಂದ ನೆಂಟರಲ್ಲಿ ಯಾರಾದರೂ ಒಬ್ಬರು, ಕೈ ತೊಳೆಯುವ ಮೊದಲು ಒಮ್ಮೆ ನೋಡುವ ಎಂದು ಬಿಚ್ಚುತ್ತಾರೆ. ಕೊನೆಗೆ ಪಂಪು ಒಂದು ಗೋಣಿಯಲ್ಲಿ, ಅದರ ಹೊಟ್ಟೆಯೊಳಗಿನದ್ದು ಇನ್ನೊಂದು ಗೋಣಿಯಲ್ಲಿ ನನ್ನ ಅಂಗಡಿಗೆ ಬರುತ್ತದೆ. “ಎಂತದೂ ಮುಟ್ಲಿಲ್ಲ ಮಾರಾಯ್ರೆ, ಓಡ್ತಾ ಇದ್ದದ್ದು ಹಾಗೇ ನಿಂತದ್ದು” ಎಂದು ಪ್ರಮಾಣ ಬೇರೆ ಮಾಡುತ್ತಾರೆ.

ಕಳೆದ ದೀಪಾವಳಿಯ ಆಚೀಚೆ ಪುತ್ತೂರಿನಿಂದ ಒಬ್ಬರು ಹೀಗೆಯೇ ಬಂದಿದ್ದರು. ತಲೆಗೆ ಕಪ್ಪು ಬಣ್ಣ, ಮೂಗಿನ ತುದಿಗೆ ಕನ್ನಡಕ, ಇಸ್ತ್ರಿ ಮಾಡಿದ ಜುಬ್ಬ. ಅವರ ಪಂಪಿನ ಕಂಪನಿಯ ಬಿಡಿಭಾಗ ಈ ಮೂರು ತಾಲೂಕಿನಲ್ಲಿ ನನ್ನ ಹತ್ತಿರ ಮಾತ್ರ ಸಿಗುವುದು, ಹಾಗಾಗಿ ಅಷ್ಟು ದೂರ ಬಂದಿದ್ದರು. ಗೋಣಿ ಬಿಚ್ಚಿ ನೋಡಿದರೆ ಪಂಪಿನ ನೀರು ಸೋರುವ ಜಾಗಕ್ಕೆಲ್ಲ ಎಂತದೋ ಕರಿ ಮೇಣ ಮೆತ್ತಿದ್ದಾರೆ. ಪಂಪು ಬಿಸಿಯಾಗಿ ಮೇಣ ಕರಗಿ, ಒಳಗಿನ ಚಕ್ರಕ್ಕೆಲ್ಲ ಅಂಟಿ, ಎಳ್ಳುಂಡೆಯ ಹಾಗೆ ಆಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

“ಸ್ವಾಮೀ, ನಿಮ್ಮ ಕೈಗೆ ಸ್ಪ್ಯಾನರ್ ಕೊಟ್ಟದ್ದು ಯಾರು? ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಜನ ಅಂತ ಉಂಟು. ಹಲ್ಲುನೋವಿಗೆ ಕ್ಷೌರದವನ ಹತ್ರ ಹೋಗ್ತೀರಾ? ಆ ಬೋರ್ಡು ಒಮ್ಮೆ ಓದಿ. ಹಾಗಲ್ಲ, ಗಟ್ಟಿಯಾಗಿ” ಎಂದೆ.

ಅಂಗಡಿಯಲ್ಲಿ ಇನ್ನೂ ಏಳೆಂಟು ಮಂದಿ ಇದ್ದರು. ಅವರೆಲ್ಲರ ಎದುರು ಆ ಮನುಷ್ಯ ಬೋರ್ಡನ್ನು ಗಟ್ಟಿಯಾಗಿ ಓದಿ, ಗೋಣಿ ಹೊತ್ತುಕೊಂಡು ಪುತ್ತೂರಿನ ಬಸ್ಸಿಗೆ ಹೋದರು. ಹೆಸರು ಕೇಳಲಿಲ್ಲ. (ನನಗೆ ಪಂಪಿನ ಮುಖ ನೆನಪಿರುತ್ತದೆ, ಮನುಷ್ಯರದ್ದು ಇರುವುದಿಲ್ಲ.) ಆ ದಿನ ಮಧ್ಯಾಹ್ನ ಊಟ ತುಂಬಾ ರುಚಿಯಾಗಿತ್ತು.

ಇಷ್ಟು ಪೀಠಿಕೆ ಯಾಕೆಂದರೆ, ಈಗ ಹೇಳಲಿರುವುದು ನನ್ನ ಹೆಂಡತಿ ಶಂಕರಿಯ ವೀಣೆಯ ಕಥೆ.

ಮದುವೆಯಾಗಿ ನಮ್ಮ ಮನೆಗೆ ಬರುವಾಗ ಶಂಕರಿ ಒಂದು ವೀಣೆ ತಂದಿದ್ದಳು. ಮದುವೆಗೆ ಮೊದಲು ಪುತ್ತೂರಿನ ಸುಭಾಷಿಣಿ ಟೀಚರ ಹತ್ತಿರ ಕಲಿತು, ಎರಡು ಮೂರು ಕಡೆ ವೇದಿಕೆಯನ್ನೂ ಹತ್ತಿದವಳು. ಇಲ್ಲಿ ಬಂದ ಮೇಲೆ ವೀಣೆ ಕಪಾಟಿನ ಮೇಲೆ ಹತ್ತಿತು, ಶಂಕರಿ ಒಲೆಯ ಎದುರು ನಿಂತಳು. ನವರಾತ್ರಿಗೆ ಇಳಿಸಿ ಒರೆಸಿ, ಹೂವಿಟ್ಟು, ಮತ್ತೆ ಮೇಲೆ. ಇದರಲ್ಲಿ ಅನ್ಯಾಯ ಉಂಟೆಂದು ನನಗೆ ಕಂಡಿರಲಿಲ್ಲ. ನಮ್ಮ ತಾಮ್ರದ ಹಂಡೆಯೂ ಅಟ್ಟದ ಮೇಲೆಯೇ ಇದೆ, ಅದು ಯಾವತ್ತೂ ದೂರು ಹೇಳಿದ್ದಿಲ್ಲ.

ಕಳೆದ ತಿಂಗಳು ಒಂದು ದಿನ ಟೀಚರಿಗೆ ಎಂಬತ್ತು ತುಂಬುವ ಸುದ್ದಿ ಬಂತು. ಭಾನುವಾರ ಪುತ್ತೂರಿನ ಒಂದು ಸಭಾಭವನದಲ್ಲಿ ಹಳೆ ಶಿಷ್ಯೆಯರೆಲ್ಲ ಸೇರಿ ಒಬ್ಬೊಬ್ಬರು ಒಂದೊಂದು ಕೀರ್ತನೆ ನುಡಿಸುವುದು. ಟೀಚರೇ ಫೋನು ಮಾಡಿ, “ಶಂಕರೀ, ನಿನ್ನ ಕೈ ಒಮ್ಮೆ ಕೇಳ್ಬೇಕು ನಂಗೆ. ಇನ್ನೆಷ್ಟು ಸಮಯ ಕಿವಿ ಕೇಳ್ತದೋ ಗೊತ್ತಿಲ್ಲ” ಎಂದರಂತೆ. ಶಂಕರಿ ಫೋನು ಇಟ್ಟು ತುಂಬಾ ಹೊತ್ತು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಳು. ಸಾರು ಉಕ್ಕಿತು. ಅವಳಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಸಾರು ಉಕ್ಕಿದ್ದು ಅದೇ ಮೊದಲು.

ವೀಣೆ ಇಳಿಸಿ ಮೀಟಿದಳು. ಅದು “ಗರ್ರ್” ಎಂದಿತು. ಬೇಸಿಗೆಯ ಸೆಕೆಗೆ, ತಂತಿಯ ಅಡಿಯ ಹಿತ್ತಾಳೆ ಮೆಟ್ಟಿಲುಗಳು ಕೂತ ಮೇಣ ಮೆತ್ತಗಾಗಿ, ಅವು ಬಸ್ಸಿನಲ್ಲಿ ತೂಕಡಿಸುವವರ ಹಾಗೆ ಒಂದೊಂದು ದಿಕ್ಕಿಗೆ ವಾಲಿದ್ದವು. ತಂತಿ ಬಿಗಿಯುವ ಬಿರಡೆಗಳಲ್ಲಿ ಎರಡು ಜಾರುತ್ತಿದ್ದವು, ಉಳಿದವು ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

“ಮೇಳ ಕಟ್ಟಿಸ್ಬೇಕು” ಎಂದಳು ಶಂಕರಿ.

ನಮ್ಮ ಊರಿನಲ್ಲಿ ಮೇಳ ಎಂದರೆ ಯಕ್ಷಗಾನದ್ದು. ಅದನ್ನು ಕಟ್ಟಲು ಯಜಮಾನರು, ಲಾರಿ, ಹತ್ತು ಪೆಟ್ಟಿಗೆ ವೇಷಭೂಷಣ ಎಲ್ಲ ಬೇಕು. ವೀಣೆಗೆ ಮೇಳ ಕಟ್ಟುವುದೆಂದರೆ ಹಳೆ ಮೇಣ ಕೆರೆದು, ಹೊಸ ಮೇಣ ಹಾಕಿ, ಮೆಟ್ಟಿಲುಗಳನ್ನು ಒಂದೊಂದಾಗಿ ಸ್ವರ ಕೇಳಿ ಕೇಳಿ ಕೂರಿಸುವುದಂತೆ.

“ಪುತ್ತೂರಲ್ಲಿ ಕೃಷ್ಣಮೋಹನ ಅಂತ ಇದ್ದಾರೆ, ಅದನ್ನೇ ಮಾಡುದು ಅವ್ರು. ಎರಡು ಮೂರು ದಿನ ಬೇಕಾಗ್ತದಂತೆ. ನಾಳೆಯೇ ಕೊಟ್ಟು ಬರುವ” ಎಂದಳು.

“ನಾನು ಇರುವಾಗ ಹೊರಗಿನವನಾ?”

“ನೀವು ಪಂಪಿನವ್ರು.”

“ಭೂಮಿಯ ಒಳಗಿಂದ ನೀರು ಎತ್ತುವ ಮೆಷಿನ್ ರಿಪೇರಿ ಮಾಡ್ತೇನೆ. ಇದು ಎಂತದು? ಒಂದು ಮರದ ಕೊಡ, ಒಂದು ಕೋಲು, ನಾಲ್ಕು ತಂತಿ.”

“ಏಳು.”

“ಏಳೇ ಇರ್ಲಿ. ಮೋಟರಿನ ಒಳಗೆ ಎಷ್ಟು ತಂತಿ ಉಂಟು ಗೊತ್ತುಂಟಾ ನಿಂಗೆ?”

“ನಿಮ್ಮ ಬೋರ್ಡಿನಲ್ಲಿ ಎಂತ ಬರ್ದದ್ದು? ಅದನ್ನೊಮ್ಮೆ ಓದಿ ಬನ್ನಿ” ಎಂದಳು ಶಂಕರಿ. “ನೋಡಿ, ಮದುವೆ ಆದ ಮೇಲೆ ನಾನು ಒಮ್ಮೆಯೂ ಜನರ ಎದುರು ನುಡಿಸ್ಲಿಲ್ಲ. ಇದೊಂದು ನಂಗೆ ಬೇಕು. ವೀಣೆ ಮುಟ್ಬೇಡಿ.”

(ನಮ್ಮ ಮನೆಮಾತು ಹವ್ಯಕ. ಎಲ್ಲರಿಗೂ ಅರ್ಥವಾಗಲಿ ಎಂದು ಪೇಟೆಯ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಬೈಗುಳದ ಖಾರ ಇದರಿಂದ ಅರ್ಧಕ್ಕರ್ಧ ಕಡಿಮೆಯಾಗಿದೆ.)

ಮುಟ್ಟುವುದಿಲ್ಲ ಎಂದು ನಾನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅಷ್ಟರಲ್ಲಿ ಅರಂತೋಡಿನಿಂದ ಅವಳ ಅಣ್ಣನ ಫೋನು ಬಂತು. ಅತ್ತಿಗೆ ಜಾರಿ ಬಿದ್ದು ಕೈಗೆ ಪಟ್ಟಿ ಕಟ್ಟಿದ್ದಾರೆ, ಎರಡು ದಿನದ ಮಟ್ಟಿಗೆ ಬರಬೇಕು ಎಂದು. ಶಂಕರಿ ಮಗಳು ಚಿನ್ಮಯಿಯನ್ನೂ ಕರೆದುಕೊಂಡು ಹೊರಟಳು. ಹೋಗುವಾಗ, “ವೀಣೆ ಪುತ್ತೂರಿಗೆ ಮುಟ್ಟಿಸಿ ಬನ್ನಿ, ಅಷ್ಟು ಸಾಕು” ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಹಳ ವಿಧೇಯನಾಗಿ ನಿಂತಿದ್ದೆ. ಮತ್ತೆ ಮನೆಗೆ ಬಂದು ವೀಣೆಯನ್ನು ಹಿಂದಿನ ಜಗಲಿಯ ಬೆಂಚಿನ ಮೇಲೆ ಅಂಗಾತ ಮಲಗಿಸಿ, ಟೂಲ್ಸಿನ ಪೆಟ್ಟಿಗೆ ತೆರೆದೆ.

ಮೊದಲು ರೋಗ ನಿದಾನ. ಒಂದು ತಂತಿ ಮೀಟಿ ಕೊಡದ ಮೇಲೆ ಕೈಯಿಟ್ಟೆ. ಇಡೀ ವೀಣೆ ಗಡಗಡ ನಡುಗುತ್ತಿತ್ತು. ನನಗೆ ನಗು ಬಂತು. ಪಂಪಿನ ವಿದ್ಯೆಯಲ್ಲಿ ಮೊದಲ ಪಾಠವೇ ಇದು. ಮೆಷಿನು ನಡುಗುತ್ತದೆಂದರೆ ಅದರ ಆಯುಷ್ಯ ಮುಗಿಯಿತು. ತಂತಿಗಳೆಲ್ಲ ಕೂತಿರುವ ಕುದುರೆ ಎಂಬ ಮರದ ತುಂಡನ್ನು ನೇರವಾಗಿ ಹಲಗೆಯ ಮೇಲೆ ಇಟ್ಟಿದ್ದಾರೆ, ನಡುವೆ ಒಂದು ವಾಷರ್ ಕೂಡ ಇಲ್ಲ. ಇಷ್ಟು ಕಾಲ ಯಾರಿಗೂ ಇದು ಹೊಳೆಯದೇ ಹೋದದ್ದು ಆಶ್ಚರ್ಯ. ಒಳ್ಳೆಯ ದಪ್ಪದ ರಬ್ಬರ್ ಪ್ಯಾಕಿಂಗ್ ಕತ್ತರಿಸಿ ಕುದುರೆಯ ಅಡಿಗೆ ಹಾಕಿದೆ. ಮತ್ತೆ ಮೀಟಿ ಕೈಯಿಟ್ಟು ನೋಡಿದೆ. ನಡುಕ ಪೂರ್ತಿ ನಿಂತಿತ್ತು. ವೀಣೆ ಕಲ್ಲಿನ ಹಾಗೆ ಗಟ್ಟಿಯಾಗಿ, ಗಂಭೀರವಾಗಿ ಇತ್ತು.

ಎರಡನೆಯದ್ದು ಬಿರಡೆ. ತಿರುಗದ್ದಕ್ಕೆ ಎಂತ ಮಾಡಬೇಕೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಏಳಕ್ಕೂ ಗ್ರೀಸು ಹಚ್ಚಿದೆ. ಈಗ ಅವು ಬೆರಳು ತಾಗಿಸಿದರೆ ಸಾಕು, ಬುಗರಿಯ ಹಾಗೆ ತಿರುಗುತ್ತಿದ್ದವು. ನಿಲ್ಲುವ ವಿಚಾರ ನಾನು ಆಗ ಯೋಚಿಸಲಿಲ್ಲ.

ಇನ್ನು ಮೆಟ್ಟಿಲು. ನೋಡಿದರೆ ಕಟ್ಟಿದವನ ಕೆಲಸ ಬಹಳ ಕಳಪೆ. ಮೇಲ್ಗಡೆ ಮೆಟ್ಟಿಲುಗಳ ನಡುವೆ ಧಾರಾಳ ಜಾಗ, ಕೆಳಗೆ ಬಂದ ಹಾಗೆ ಒತ್ತೊತ್ತಾಗಿ ತುರುಕಿದ್ದಾನೆ. ಮೊದಲೇ ಅಳತೆ ಮಾಡದೆ ಹೊರಟವರು ಹೀಗೆಯೇ ಕೊನೆಗೆ ಜಾಗ ಸಾಲದೆ ಪರದಾಡುವುದು. ಹಳೆ ಮೇಣ ಪೂರಾ ಕೆರೆದು ತೆಗೆದೆ. ಟೇಪು ಹಿಡಿದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಅಡಿಕೆ ಸಸಿ ನೆಡುವವರ ಹಾಗೆ ಎಲ್ಲಕ್ಕೂ ಸರಿಸಮನಾದ ಅಂತರ ಕೊಟ್ಟೆ. ಹೊಸ ಮೇಣ ಮಾತ್ರ ಬೇಕಿತ್ತು.

ಮೇಣಕ್ಕೆ ನೆರೆಮನೆಯ ಬೋಜಪ್ಪ ಗೌಡರ ಹತ್ತಿರ ಹೋದೆ. ಬೋಜಪ್ಪಣ್ಣ ಜೇನು ಸಾಕುವವರು. ಅವರನ್ನು ನೋಡಿ ನಾನೂ ಮೂರು ಜೇನುಪೆಟ್ಟಿಗೆ ತಂದು ಮನೆಯ ಹಿಂದೆ ಇಟ್ಟಿದ್ದೇನೆ. ಎಷ್ಟೋ ವರ್ಷ ಆಯಿತು, ಒಂದು ಹುಳ ಬಂದು ಕೂರಲಿಲ್ಲ. ಒಳಗೆ ಮೇಣ ಉಜ್ಜಿದೆ, ದಿಕ್ಕು ಬದಲಿಸಿದೆ, ಸುಬ್ರಹ್ಮಣ್ಯಕ್ಕೆ ಹರಕೆಯನ್ನೂ ಹೇಳಿದೆ. ಈಗ ಒಂದರಲ್ಲಿ ಕೋಳಿ ಮೊಟ್ಟೆಯಿಡುತ್ತದೆ, ಒಂದರಲ್ಲಿ ಇಲಿ ಸಂಸಾರ ಮಾಡಿಕೊಂಡಿದೆ. ಮೂರನೆಯದ್ದು ಇನ್ನೂ ಕನ್ಯೆ.

“ಮೇಣ ಉಂಟು. ನಿನ್ನೆ ತೆಗ್ದ ಜೇನಿನ ಎರಿಯದ್ದು, ಸೋಸಿ ಆಗ್ಲಿಲ್ಲ. ಎಂತಕ್ಕೆ?” ಎಂದರು ಬೋಜಪ್ಪಣ್ಣ.

“ವೀಣೆಗೆ.”

“ಯಾರು ಮಾಡುದು?”

“ನಾನೇ.”

ಬೋಜಪ್ಪಣ್ಣ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. “ಶಂಕರಿಯಕ್ಕ ಊರಲ್ಲಿಲ್ವಾ?” ಎಂದಷ್ಟೇ ಕೇಳಿದರು.

ಸೋಸದ ಮೇಣವಾದ್ದರಿಂದ ಅದರಲ್ಲಿ ಜೇನಿನ ಅಂಶವೂ ಸಾಕಷ್ಟಿತ್ತು, ಪರಿಮಳವೆಂದರೆ ಪರಿಮಳ. ತೆಂಗಿನ ಗೆರಟೆಯ ಮಸಿ ಬೆರೆಸಿ, ಕಾಯಿಸಿ, ದಂಡಿಗೆಯ ಕೋಲಿನ ಉದ್ದಕ್ಕೂ ಹೊಯ್ದು ಮೆಟ್ಟಿಲು ಕೂರಿಸಿದೆ. ಕೈಗೆ ಅಂಟಿದ್ದನ್ನು ವೀಣೆಯ ಮೈಗೇ ಒರೆಸಿದೆ. ಕೊನೆಗೆ ಒಂದು ವಿಷಯ ಗಮನಕ್ಕೆ ಬಂತು. ಹಲಗೆಯಲ್ಲಿ ಶಬ್ದ ಹೊರಗೆ ಬರಲೆಂದು ಸೂಜಿ ಹೋಗುವಂಥ ಪುಟ್ಟ ಪುಟ್ಟ ತೂತು ಇಟ್ಟಿದ್ದಾರೆ. ಅಷ್ಟು ದೊಡ್ಡ ಕೊಡಕ್ಕೆ ಅದು ಎಲ್ಲಿಗೆ ಸಾಕು? ಪೈಪು ಸಣ್ಣದಾದರೆ ಪಂಪು ತಾನೇ ಎಂತ ಮಾಡೀತು? ಡ್ರಿಲ್ಲು ತೆಗೆದು, ಬೆರಳಿನ ಗಾತ್ರದ ಒಂದು ತೂತು ಹೊಡೆದೆ. ಮೇಣ ಒಣಗಲೆಂದು ವೀಣೆಯನ್ನು ಜಗಲಿಯಲ್ಲೇ ಬಿಟ್ಟು, ಬಿಚ್ಚಿದ ಪಂಪು ತಂದವರನ್ನು ಬೈಯಲು ಅಂಗಡಿಗೆ ಹೋದೆ. ಮಾರನೆಯ ದಿನವೂ ಅಂಗಡಿಯಲ್ಲೇ ಇದ್ದೆ.

ಬುಧವಾರ ಸಂಜೆ ಶಂಕರಿ ಬಂದಳು. ವೀಣೆ ಮನೆಯಲ್ಲೇ ಇರುವುದನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ನಾನು ಅದರ ಮೇಲೆ ಹೊಸ ಟವೆಲು ಹೊದಿಸಿದ್ದೆ.

“ಮುಟ್ಟಿದ್ರಾ?”

“ಮುಟ್ಟಿದ್ದಲ್ಲ, ಗುಣ ಮಾಡಿದ್ದು. ಕೇಳು ಒಮ್ಮೆ.”

ಟವೆಲು ತೆಗೆಯುವ ಮೊದಲೇ ವೀಣೆಯಿಂದ “ಮ್‌ಮ್‌ಮ್” ಎಂದು ಒಂದು ಮಧುರವಾದ ನಾದ ಬರುತ್ತಿತ್ತು. ಯಾರೂ ಮೀಟಿರಲಿಲ್ಲ. ನನಗೇ ರೋಮಾಂಚನವಾಯಿತು.

“ನೋಡು, ಶ್ರುತಿಪೆಟ್ಟಿಗೆಯೂ ಬೇಡ. ತಾನೇ ಶ್ರುತಿ ಕೊಡ್ತಾ ಉಂಟು.”

ಶಂಕರಿ ಕೂತು ತಂತಿ ಮೀಟಿದಳು. “ದುಬ್” ಎಂದಿತು. ಇನ್ನೊಂದು ತಂತಿ ಮೀಟಿದಳು. ಅದೂ “ದುಬ್.” ತುಂಬಿದ ಅಕ್ಕಿ ಗೋಣಿಗೆ ಗುದ್ದಿದ ಹಾಗೆ. ಬಿಗಿಯೋಣವೆಂದು ಬಿರಡೆ ತಿರುಗಿಸಿದರೆ ಅದು ಸರ್ರನೆ ಹಿಂದಕ್ಕೆ ತಿರುಗಿ, ತಂತಿ ಪೂರಾ ಸಡಿಲವಾಗಿ ಜೋತುಬಿತ್ತು. ಚಿನ್ಮಯಿ ಮೊಬೈಲಿನಲ್ಲಿ ಸ್ವರ ಅಳೆಯುವ ಆ್ಯಪು ತೆರೆದು ಹತ್ತಿರ ಹಿಡಿದಳು.

“ಎಂತ ತೋರಿಸ್ತದೆ?” ಎಂದೆ.

“ಎಂತದೂ ಇಲ್ಲ ಅಪ್ಪ. ದಯವಿಟ್ಟು ವಾದ್ಯ ನುಡಿಸಿ ಅಂತ ಬರ್ತಾ ಉಂಟು.”

“ನುಡಿಸ್ತಾ ಇದ್ದಾಳಲ್ಲ?”

“ಅದಕ್ಕೆ ಗೊತ್ತಾಗ್ಲಿಲ್ಲ.”

ಅಷ್ಟರಲ್ಲಿ ನಾನು ಕೊರೆದ ತೂತಿನಿಂದ ಒಂದು ಜೇನುನೊಣ ಹೊರಗೆ ಬಂತು. ಅತ್ತಿತ್ತ ನೋಡಿತು. ಹಿಂದಿನಿಂದ ಇನ್ನೊಂದು ಬಂತು. ಏನಾಗುತ್ತಿದೆ ಎಂದು ನೋಡಲು ನಾನು ತೂತಿಗೆ ಕಣ್ಣಿಟ್ಟೆ. (ಇದು ಕೂಡ ಪಂಪಿನ ಅಭ್ಯಾಸ.) ಮೂರನೆಯದ್ದು ನೇರವಾಗಿ ನನ್ನ ಎಡಗಣ್ಣಿನ ಮೇಲಿನ ರೆಪ್ಪೆಗೆ ಚುಚ್ಚಿತು.

ನನ್ನ ಬೊಬ್ಬೆ ಕೇಳಿ ಓಡಿ ಬಂದ ಬೋಜಪ್ಪಣ್ಣ ದೂರದಿಂದಲೇ ಕಿವಿಗೊಟ್ಟು ಕೇಳಿ, ತೂತಿನ ಬಾಯಿಯಲ್ಲಿ ಹುಳಗಳು ಹೋಗಿಬರುವುದನ್ನು ನೋಡಿ, ತಲೆಯಾಡಿಸಿದರು.

“ತುಡುವೆ ಜೇನು. ನಮ್ಮ ಪೆಟ್ಟಿಗೆಯಿಂದ ಒಂದು ಕುಟುಂಬ ಪಾಲಾಗಿ ಹೋಗಿತ್ತು ನಿನ್ನೆ, ಎಲ್ಲಿಗೆ ಅಂತ ಗೊತ್ತಿರ್ಲಿಲ್ಲ. ಹಲಸಿನ ಮರದ ಕೊಡ, ಒಳಗೆ ಕತ್ತಲೆ, ಮೇಣದ ಪರಿಮಳ, ಬಾಗಿಲು ಕೂಡ ಹೇಳಿ ಮಾಡಿಸಿದ ಅಳತೆ. ಇಷ್ಟು ಒಳ್ಳೆ ಜೇನುಪೆಟ್ಟಿಗೆ ನಾನೂ ಮಾಡ್ಲಿಲ್ಲ ಭಟ್ರೆ.”

ಮೂರು ಪೆಟ್ಟಿಗೆ ಇಟ್ಟು, ಹರಕೆ ಹೊತ್ತು, ವರ್ಷಗಟ್ಟಲೆ ಕಾದವನ ಮನೆಗೆ ಕೊನೆಗೂ ಜೇನು ಬಂದಿತ್ತು. ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಸ್ವಲ್ಪ ಸಂತೋಷವಾದದ್ದು ಸುಳ್ಳಲ್ಲ. ಶಂಕರಿಯನ್ನು ನೋಡಿದ ಮೇಲೆ ಅದು ಆರಿತು. ಅವಳು ಬೈಯಲಿಲ್ಲ. ಜಗಲಿಯ ಮೆಟ್ಟಿಲಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಬೈದರೆ ನನಗೆ ಅಭ್ಯಾಸ ಉಂಟು, ಅತ್ತರೆ ಇಲ್ಲ. ನನಗೆ ನಾಚಿಕೆಯಾಯಿತು.

“ರಾಣಿಯನ್ನು ಹೊರಗೆ ತೆಗೆಯದೆ ಉಳಿದದ್ದು ಬರ್ಲಿಕ್ಕಿಲ್ಲ” ಎಂದರು ಬೋಜಪ್ಪಣ್ಣ. “ಅದಕ್ಕೆ ಮೇಲಿನ ಹಲಗೆ ತೆಗಿಬೇಕು.”

ನಾನು ಬಾಯಿ ತೆರೆಯುವ ಮೊದಲೇ ಶಂಕರಿ, “ಅದನ್ನು ತೆಗಿಲಿಕ್ಕೆ ವೀಣೆಯವ್ರೇ ಆಗ್ಬೇಕು. ನಾಳೆ ಬೆಳಿಗ್ಗೆ ಪುತ್ತೂರಿಗೆ” ಎಂದಳು. ಕತ್ತಲಾಗಿ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಬೋಜಪ್ಪಣ್ಣ ಎಲ್ಲ ತೂತಿಗೂ ಸೊಳ್ಳೆಪರದೆಯ ತುಂಡು ಕಟ್ಟಿದರು.

ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ನಮ್ಮ ಓಮ್ನಿಯ ಇಂಜಿನು ಅಂಗಳದಲ್ಲಿ ಮೂರು ಬಾಲ್ದಿಯಲ್ಲಿ ಇತ್ತು. (ಬಿಚ್ಚಿದವರು ಯಾರೆಂದು ಕೇಳಬೇಡಿ.) ಶಂಕರಿ ಕಿಟಕಿಯ ಬದಿ, ನಡುವೆ ಸೀರೆ ಸುತ್ತಿದ ವೀಣೆ, ಈ ಬದಿಗೆ ಒಂದೇ ಕಣ್ಣಿನ ನಾನು. ಹಿಂದಿನ ಸೀಟಿನಲ್ಲಿ ನನ್ನ ಕನ್ಯಾಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೋಜಪ್ಪಣ್ಣ. ಬಸ್ಸು ಕುಲುಕಿದ ಹಾಗೆಲ್ಲ ವೀಣೆಯ ನಾದ ಏರುತ್ತಾ ಹೋಯಿತು. ಅರ್ಧ ದಾರಿಯಲ್ಲಿ ಡ್ರೈವರು ಬಸ್ಸನ್ನು ಬದಿಗೆ ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿ, ಕನ್ನಡಿಯಲ್ಲಿ ನನ್ನನ್ನು ಕಂಡುಹಿಡಿದ.

“ಭಟ್ರೆ, ನೀವು ಇದ್ದದ್ದು ಒಳ್ಳೇದಾಯ್ತು. ಅದು ಎಂತ ಶಬ್ದ?”

ನನ್ನ ಗೌರವದ ಪ್ರಶ್ನೆ. “ಬೇರಿಂಗ್ ಹೋದ ಹಾಗೆ ಕಾಣ್ತದೆ” ಎಂದೆ.

ಹೇಳಬಾರದಿತ್ತು. ಬೇರಿಂಗ್ ಹೋದ ಬಸ್ಸನ್ನು ಮುಂದೆ ಒಯ್ಯುವುದಿಲ್ಲ ಎಂದು ಡ್ರೈವರು ಇಂಜಿನು ನಿಲ್ಲಿಸಿಯೇ ಬಿಟ್ಟ. ಕಂಡಕ್ಟರು ಎಲ್ಲರೂ ಇಳಿಯಿರಿ, ಹಿಂದಿನ ಬಸ್ಸಿಗೆ ಹತ್ತಿಸಿ ಕೊಡುತ್ತೇನೆ ಎಂದ. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಎಲ್ಲ ಗೊಣಗುತ್ತಾ ಏಳತೊಡಗಿದರು. ಇಂಜಿನು ನಿಂತಿದ್ದರೂ ಬೇರಿಂಗ್ ಮಾತ್ರ ನಿಶ್ಚಿಂತೆಯಿಂದ ಗುಂಯ್‌ಗುಟ್ಟುತ್ತಿತ್ತು.

ಶಂಕರಿ ಎದ್ದು ನಿಂತಳು. “ಡ್ರೈವರೇ, ನಿಮ್ಮ ಗಾಡಿಗೆ ಎಂತದೂ ಆಗ್ಲಿಲ್ಲ. ಶಬ್ದ ಈ ವೀಣೆಯದ್ದು. ಒಳಗೆ ಜೇನು ಉಂಟು. ಕೂರಿಸಿದ್ದು ಇವ್ರು.”

ಕೂಡಲೇ ನಮ್ಮ ಆಚೀಚಿನ ಸೀಟಿನವರೆಲ್ಲ ಡ್ರೈವರನ ಹತ್ತಿರ ಹೋಗಿ ನಿಂತರು. ಪುತ್ತೂರಿನವರೆಗೆ ಹಿಂದಿನ ಅರ್ಧ ಬಸ್ಸು ನಮಗೆ ಮೂವರಿಗೇ ಇತ್ತು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಒಂದು ಕಣ್ಣಿಗೆ ಕಾಣುವಷ್ಟು ಕಂಡಿತು.

ಕೃಷ್ಣಮೋಹನರ ಮನೆಯ ಚಾವಡಿಯೇ ಅವರ ಕಾರ್ಯಾಗಾರ. ಗೋಡೆಯ ಉದ್ದಕ್ಕೂ ವೀಣೆ, ತಂಬೂರಿ, ಪಿಟೀಲು. ಬೆಂಚಿನಲ್ಲಿ ನಾಲ್ಕೈದು ಮಂದಿ ಕಾಯುತ್ತಿದ್ದರು. ಒಳಗಿನಿಂದ ಜುಬ್ಬ ಧರಿಸಿದ ಒಬ್ಬರು ಬಂದರು. ತಲೆಗೆ ಕಪ್ಪು ಬಣ್ಣ, ಮೂಗಿನ ತುದಿಗೆ ಕನ್ನಡಕ. ಎಲ್ಲೋ ಕಂಡ ಮುಖ ಎನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಅವರಿಗೆ ತಕ್ಷಣ ಹೊಳೆಯಿತು.

ವೀಣೆಯ ಸೀರೆ ಬಿಚ್ಚಿ ನೋಡಿದರು. ಕುದುರೆಯ ಅಡಿಯ ರಬ್ಬರನ್ನು ಎರಡು ಬೆರಳಿನಿಂದ ಎಳೆದು ಬೆಳಕಿಗೆ ಹಿಡಿದರು. ಬಿರಡೆ ಮುಟ್ಟಿ, ಬೆರಳಿನ ಗ್ರೀಸು ಮೂಸಿದರು. ಸಮಾನ ಅಂತರದ ಮೆಟ್ಟಿಲುಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಡ್ರಿಲ್ಲಿನ ತೂತು ಕಂಡಾಗ ಗೋಡೆಗೆ ಕೈ ಕೊಟ್ಟು ನಿಂತರು. ಮತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಸ್ವಾಮೀ, ನಿಮ್ಮ ಕೈಗೆ ಡ್ರಿಲ್ಲು ಕೊಟ್ಟದ್ದು ಯಾರು? ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಜನ ಅಂತ ಉಂಟು. ಹಲ್ಲುನೋವಿಗೆ ಕ್ಷೌರದವನ ಹತ್ರ ಹೋಗ್ತೀರಾ?”

ಈಗ ನನಗೆ ಗುರುತು ಸಿಕ್ಕಿತು. ಕರಿ ಮೇಣ.

“ಆ ಬೋರ್ಡು ಓದಿ” ಎಂದು ಅವರು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಕೆಂಪು ಬಣ್ಣದಲ್ಲಿ ‘ಬಿಚ್ಚಿದ ವೀಣೆ ಮುಟ್ಟುವುದಿಲ್ಲ’ ಎಂದಿತ್ತು. “ದೀಪಾವಳಿ ಕಳೆದು ಬರೆಸಿದ್ದು. ಬೆಳ್ಳಾರೆಯಲ್ಲಿ ಒಬ್ರು ಬುದ್ಧಿವಂತರ ಅಂಗಡಿಯಲ್ಲಿ ನೋಡಿದ್ದೆ. ಒಳ್ಳೆ ಮಾತು ಎಲ್ಲಿ ಸಿಕ್ಕಿದ್ರೂ ತಕ್ಕೊಳ್ಬೇಕು. ಹಾಗಲ್ಲ, ಗಟ್ಟಿಯಾಗಿ.”

ಬೆಂಚಿನವರ ಎದುರು ಗಟ್ಟಿಯಾಗಿ ಓದಿದೆ. ಒಂದು ಕಣ್ಣು ಮುಚ್ಚಿದ್ದರಿಂದ ಎರಡು ಸಲ ಓದಬೇಕಾಯಿತು. ಓದಿ ಮುಗಿಸಿದ ಮೇಲೆ ಅವರು ವೀಣೆಗೆ ಸೀರೆ ಹೊದಿಸತೊಡಗಿದರು. ತಮಾಷೆಯಲ್ಲ, ವಾಪಸು ಕಳಿಸುವುದಕ್ಕೇ.

“ಒಂದು ನಿಮಿಷ” ಎಂದಳು ಶಂಕರಿ. “ವೀಣೆ ನನ್ನದು. ಬಿಚ್ಚಿದ್ದು ನಾನಲ್ಲ. ಇವ್ರಿಗೆ ಮುಟ್ಬೇಡಿ ಅಂತ ಹೇಳಿಯೇ ಹೋದದ್ದು ನಾನು. ಭಾನುವಾರ ಸುಭಾಷಿಣಿ ಟೀಚರ ಎದುರು ನುಡಿಸ್ಲಿಕ್ಕುಂಟು ನಂಗೆ. ಈ ಸರ್ತಿ ತಪ್ಪಿದ್ರೆ ಮತ್ತೆ ಉಂಟೋ ಇಲ್ವೋ. ನೀವು ವೀಣೆಯನ್ನು ಒಳಗೆ ತಕ್ಕೊಳ್ಳಿ. ಬೋರ್ಡು ಬೇಕಾದ್ರೆ ಇವ್ರ ಕುತ್ತಿಗೆಗೆ ಕಟ್ಟಿ.”

ಸುಭಾಷಿಣಿ ಟೀಚರ ಹೆಸರು ಕೇಳಿ ಕೃಷ್ಣಮೋಹನರ ಕೈ ನಿಂತಿತು. ಅವರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಬಾವಿಕಟ್ಟೆಯ ಹತ್ತಿರ ಎರಡು ಗೋಣಿಗಳಿದ್ದವು. ದೀಪಾವಳಿಯಿಂದ ಅವರ ಹೆಂಡತಿ ಬಾವಿಯಿಂದ ನೀರು ಸೇದುತ್ತಿದ್ದರಂತೆ, ಸೇದುವಾಗಲೆಲ್ಲ ಬೆಳ್ಳಾರೆಯ ಮೆಕ್ಯಾನಿಕ್ಕನ ವಂಶೋದ್ಧಾರ ಮಾಡುತ್ತಿದ್ದರಂತೆ.

“ಪಂಪಿಗೆ ವೀಣೆಯ ಮೇಣ ಹಾಕಿದ್ದು ನಾನು” ಎಂದರು ಕೃಷ್ಣಮೋಹನರು. “ವೀಣೆಗೆ ಪಂಪಿನ ರಬ್ಬರ್ ಹಾಕಿದ್ದು ನೀವು. ನೀವು ಇದನ್ನು ಮಾಡಿ, ನಾನು ಅದನ್ನು ಮಾಡ್ತೇನೆ. ನಾನು ಈ ಕಡೆ ಬರುದಿಲ್ಲ, ನೀವು ಆ ಕಡೆ ಬರ್ಬಾರ್ದು.”

ಹಾಗೆ ಒಪ್ಪಂದವಾಯಿತು. ನಾನು ಹಿತ್ತಿಲಲ್ಲಿ ಪಂಪಿನ ಮೇಣ ಕೆರೆಯುತ್ತಾ ಕೂತೆ. ಒಳಗೆ ಅವರು ಹಲಗೆ ತೆಗೆದರು, ಬೋಜಪ್ಪಣ್ಣ ರಾಣಿಯನ್ನು ಹಿಡಿದು ನನ್ನ ಪೆಟ್ಟಿಗೆಗೆ ಬಿಟ್ಟರು, ಸೈನ್ಯವೂ ಹಿಂದೆಯೇ ಹೋಯಿತು. ಸಂಜೆ ಪೆಟ್ಟಿಗೆ ಎತ್ತಿಕೊಳ್ಳಲು ಹೋದರೆ ಕೃಷ್ಣಮೋಹನರು ಅದರ ಮೇಲೆ ಕೈಯಿಟ್ಟರು.

“ಇದು ಇಲ್ಲಿರ್ಲಿ. ನಂಗೆ ವರ್ಷ ಇಡೀ ಮೇಣ ಬೇಕಾಗ್ತದೆ. ತೂತು ಮುಚ್ಚಿದ ಮಜೂರಿ ಅಂತ ಲೆಕ್ಕ ಇಟ್ಕೊಳ್ಳಿ.”

“ಅದು ನನ್ನ ಮನೆಗೆ ಬಂದ ಜೇನು” ಎಂದೆ.

“ನಿಮ್ಮ ಮನೆಗಲ್ಲ, ವೀಣೆಗೆ ಬಂದದ್ದು” ಎಂದಳು ಶಂಕರಿ. ಬೋಜಪ್ಪಣ್ಣ ಅವಳ ಪಕ್ಷ ಸೇರಿದರು. ನನ್ನ ಜೀವಮಾನದ ಏಕೈಕ ಜೇನು ಕುಟುಂಬ, ಪೆಟ್ಟಿಗೆ ಸಮೇತ, ಪುತ್ತೂರಿನ ಪೌರತ್ವ ಪಡೆಯಿತು.

ಶನಿವಾರ ಬಿಡಿಭಾಗ ಹಿಡಿದುಕೊಂಡು ಶಂಕರಿಯ ಜೊತೆ ಮತ್ತೆ ಹೋದೆ. ಪಂಪಿನ ಕೊನೆಯ ಬೋಲ್ಟು ಬಿಗಿಯುತ್ತಿದ್ದಾಗ ಒಳಗೆ ಶಂಕರಿ ವೀಣೆ ಮೀಟಿದಳು. ಒಂದೇ ಸ್ವರ. ನಾನು ಬೋಲ್ಟನ್ನು ಪೂರ್ತಿ ಬಿಗಿದು ಮುಗಿಸಿದರೂ ಅದು ಇನ್ನೂ ಕೇಳುತ್ತಿತ್ತು. ಬಾ, ಕೂತುಕೋ ಎಂದು ಯಾರೋ ಕರೆದ ಹಾಗಿತ್ತು. ಸ್ಪ್ಯಾನರ್ ಹಿಡಿದುಕೊಂಡು ಹಾಗೇ ಕೂತೆ. ಮದುವೆಯಾದಾಗಿನಿಂದ ನಮ್ಮ ಕಪಾಟಿನ ಮೇಲೆ ಇದು ಇತ್ತಲ್ಲ ಎಂದು ಬಹಳ ಬೇಜಾರಾಯಿತು.

ಭಾನುವಾರ ಶಂಕರಿ ನುಡಿಸಿದಳು. ಎದುರಿನ ಕುರ್ಚಿಯಲ್ಲಿ ಸುಭಾಷಿಣಿ ಟೀಚರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮುಗಿಯುವ ಹೊತ್ತಿಗೆ ನನ್ನ ಎರಡು ಕಣ್ಣಿನಲ್ಲೂ ನೀರು. ಪಕ್ಕದವರು ಕೇಳಿದ್ದಕ್ಕೆ ಜೇನು ಕಚ್ಚಿದ್ದು ಎಂದೆ. “ಕಚ್ಚಿದ್ದು ಒಂದಕ್ಕೇ ಅಲ್ವಾ” ಎಂದಳು ಚಿನ್ಮಯಿ.

ಟೀಚರು ಶಂಕರಿಯ ಕೈ ಹಿಡಿದು, ಮೈಕಿನ ಹತ್ತಿರವೇ, “ನಾದ ಎಷ್ಟು ಚಂದ ಉಂಟು. ಮೇಳ ಕಟ್ಟಿದ್ದು ಯಾರು?” ಎಂದು ಕೇಳಿದರು. ಶಂಕರಿ ಕೃಷ್ಣಮೋಹನರನ್ನು ತೋರಿಸಿದಳು. ಸಭೆ ಚಪ್ಪಾಳೆ ತಟ್ಟಿತು. ಅವರು ಎದ್ದು ನಾಲ್ಕು ದಿಕ್ಕಿಗೂ ಕೈ ಮುಗಿದರು, ವಿನಯವೇನೂ ಕಾಣಲಿಲ್ಲ.

“ನಿನ್ನ ಯಜಮಾನರು ಬಂದಿದ್ದಾರಾ? ಅವ್ರಿಗೆ ಎಂತ ಕೆಲಸ?”

“ಬಂದಿದ್ದಾರೆ ಟೀಚರ್, ಕೊನೆ ಸಾಲಿನಲ್ಲಿ. ಅವ್ರು ಜೇನು ಸಾಕುದು” ಎಂದಳು ಶಂಕರಿ, ಮೈಕಿನಲ್ಲಿ.

ಇದೆಲ್ಲ ಆಗಿ ಈಗ ತಿಂಗಳು ಕಳೆಯಿತು. ವೀಣೆ ಕಪಾಟಿನ ಮೇಲೆ ಹೋಗಲೇ ಇಲ್ಲ. ಚಾವಡಿಯಲ್ಲಿ ನನ್ನ ಆರಾಮಕುರ್ಚಿ ಇದ್ದ ಜಾಗದಲ್ಲಿ ಅದಕ್ಕೊಂದು ಮಣೆ ಬಂದಿದೆ. ಕುರ್ಚಿ ಅಟ್ಟಕ್ಕೆ ಹೋಗಿ ತಾಮ್ರದ ಹಂಡೆಗೆ ಜೊತೆಯಾಗಿದೆ. ಕೃಷ್ಣಮೋಹನರು ಆಗಾಗ ಫೋನು ಮಾಡಿ, ಪಂಪು ಚೆನ್ನಾಗಿ ಓಡುತ್ತದೆ, ಮೇಣವೂ ಒಳ್ಳೆಯದುಂಟು ಎಂದು ಹೇಳುತ್ತಾರೆ. ಅಂಗಡಿಯ ಬೋರ್ಡು ಹಾಗೆಯೇ ಇದೆ, ಆದರೆ ಯಾರಿಗೂ ಗಟ್ಟಿಯಾಗಿ ಓದಲು ಹೇಳುವುದಿಲ್ಲ.

ಮೊನ್ನೆ ಬೆಳಿಗ್ಗೆ ಚಟ್ನಿ ಅರೆಯುವಾಗ ಮಿಕ್ಸಿ ನಿಂತಿತು. ಚಾವಡಿಯಲ್ಲಿ ಶಂಕರಿ ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ನಾನು ಸದ್ದಾಗದ ಹಾಗೆ ಸ್ಕ್ರೂಡ್ರೈವರ್ ತೆಗೆದು, ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ತುದಿಗಾಲಿನಲ್ಲಿ ಹಿಂದಿನ ಜಗಲಿಯ ಕಡೆ ಹೊರಟೆ. ಅವಳು ಕಣ್ಣು ತೆರೆಯಲಿಲ್ಲ. ಒಂದು ಕೈಯನ್ನು ತಂತಿಗಳ ಮೇಲೆ ಅದುಮಿ ಇಟ್ಟು, ಇನ್ನೊಂದರಿಂದ ಮೀಟಿದಳು.

“ದುಬ್.”

ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು, ಮಿಕ್ಸಿ ರಿಪೇರಿಯವನ ಅಂಗಡಿಗೆ ಹೋದೆ.